ಮಣ್ಣು, ಬೆಂಕಿ, ಮಗಳು

ಸೆರಾಮಿಕ್ ಇಂಜಿನಿಯರಿಂಗ್ ಓದುತ್ತಿದ್ದೇನೆ ಎಂದರೆ ಮದುವೆ ಮನೆಗಳಲ್ಲಿ ಸಿಗುವ ನೆಂಟರು ಮೊದಲು ಕೇಳುವುದು, ಮುಂದೆ ಟೈಲ್ಸ್ ಅಂಗಡಿ ಇಡುತ್ತೀಯಾ ಎಂದು. ಎರಡನೆಯ ಪ್ರಶ್ನೆ, ಕಂಪ್ಯೂಟರ್ ಸೈನ್ಸ್ ಸೀಟು ಸಿಗಲಿಲ್ಲವಾ ಎಂದು. ಎರಡಕ್ಕೂ ನಕ್ಕು ಸುಮ್ಮನಾಗುವುದು ನನಗೆ ರೂಢಿಯಾಗಿದೆ. ಆದರೆ ನಮ್ಮ ಬ್ರ್ಯಾಂಚು ನಿಜಕ್ಕೂ ಸ್ವಾರಸ್ಯದ್ದು. ಅಜ್ಜಿಯ ಉಪ್ಪಿನಕಾಯಿ ಭರಣಿಯಿಂದ ಬೈಕಿನ ಸ್ಪಾರ್ಕ್ ಪ್ಲಗ್‌ವರೆಗೆ, ಉಕ್ಕಿನ ಕುಲುಮೆಯ ಇಟ್ಟಿಗೆಯಿಂದ ಕರೆಂಟು ಕಂಬದ ಬಿಳಿ ಇನ್ಸುಲೇಟರ್‌ವರೆಗೆ ಎಲ್ಲದರಲ್ಲೂ ಇರುವುದು ಮಣ್ಣು ಮತ್ತು ಬೆಂಕಿ. ಮಣ್ಣಿಗೆ ಎಷ್ಟು ಬೆಂಕಿ, ಎಷ್ಟು ಹೊತ್ತು, ಯಾವ ಗಾಳಿಯಲ್ಲಿ ಎಂಬುದನ್ನು ಲೆಕ್ಕ ಹಾಕುವುದೇ ನಮ್ಮ ಓದು.

ಈ ಸೆಮಿಸ್ಟರ್ ಸೆಮಿನಾರಿಗೆ ನಾನು ಆರಿಸಿಕೊಂಡ ವಿಷಯ ಗ್ಲೇಜ್, ಅಂದರೆ ಪಿಂಗಾಣಿಯ ಮೇಲಿನ ಗಾಜಿನಂಥ ಹೊಳಪಿನ ಪದರ. ಅದಕ್ಕಾಗಿ ಓದುತ್ತ ಹೋದಾಗ ಇಪ್ಪತ್ತನೇ ಶತಮಾನದ ಜರ್ಮನಿಯ ಕುಂಬಾರನೊಬ್ಬನ ಹೆಸರು ಸಿಕ್ಕಿತು. ಯಾನ್ ಬೊಂಟ್ಯೆಸ್ ಫಾನ್ ಬೇಕ್. ಜರ್ಮನಿಯ ಆಧುನಿಕ ಕುಂಬಾರಿಕೆಯ ಬಗ್ಗೆ ಮಾತಾಡುವವರು ಬಿಡದೆ ಹೇಳುವ ಹೆಸರು. ಸ್ಲೈಡಿನಲ್ಲಿ ಆತನ ಒಂದು ಹೂದಾನಿಯ ಚಿತ್ರ ಹಾಕಿ ಮುಂದಕ್ಕೆ ಹೋಗೋಣ ಎಂದುಕೊಂಡಿದ್ದೆ. ಆತನ ಬದುಕನ್ನು ಓದಿದ ಮೇಲೆ ಒಂದು ಸ್ಲೈಡಿನಲ್ಲಿ ಮುಗಿಸಲು ಮನಸ್ಸು ಬರಲಿಲ್ಲ. ಸೆಮಿನಾರಿನ ಹದಿನೈದು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗ್ಲೇಜಿನ ಬಗ್ಗೆ ನಾಲ್ಕು ಮಾತು. ಇಲ್ಲದಿದ್ದರೆ ಈ ಮನುಷ್ಯ ಅರ್ಥವಾಗುವುದಿಲ್ಲ. ಗ್ಲೇಜ್ ಎಂದರೆ ಮಡಕೆಯ ಮೈಮೇಲೆ ಕರಗಿ ಗಟ್ಟಿಯಾದ ಗಾಜು. ಗಾಜಿನ ಮೂಲ ಸಿಲಿಕಾ, ಅಂದರೆ ನಮ್ಮ ಹೊಳೆಯ ಬಿಳಿ ಮರಳಿನಲ್ಲಿರುವ ವಸ್ತು. ಸಿಲಿಕಾ ತಾನಾಗಿ ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಕೊಟ್ಟರೆ ಮಡಕೆಯೇ ಉಳಿಯುವುದಿಲ್ಲ. ಹಾಗಾಗಿ ಸುಣ್ಣ, ಪೊಟ್ಯಾಷ್, ಸೋಡಾದಂಥ ವಸ್ತು ಬೆರೆಸಿ ಅದು ಬೇಗ ಕರಗುವಂತೆ ಮಾಡುತ್ತಾರೆ. ಇದಕ್ಕೆ ಫ್ಲಕ್ಸ್ ಎನ್ನುತ್ತೇವೆ. ಫ್ಲಕ್ಸ್ ಹೆಚ್ಚಾದರೆ ಗ್ಲೇಜು ನೀರಾಗಿ ಹರಿದು ಮಡಕೆಯ ಬುಡಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ತಡೆದು ಹಿಡಿಯಲು ಅಲ್ಯೂಮಿನಾ ಬೇಕು. ಈ ಮೂರರ ಹದ ತಪ್ಪಿದರೆ ಒಂದೋ ಗ್ಲೇಜು ಒರಟಾಗಿ ಉಳಿಯುತ್ತದೆ, ಇಲ್ಲವೇ ಹರಿದುಹೋಗುತ್ತದೆ, ಇಲ್ಲವೇ ಆರಿದ ಮೇಲೆ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ.

ಬಣ್ಣದ ಕಥೆ ಇನ್ನೂ ವಿಚಿತ್ರ. ಗ್ಲೇಜಿನಲ್ಲಿ ಚಿಟಿಕೆ ತಾಮ್ರದ ಆಕ್ಸೈಡ್ ಇದೆ ಎಂದುಕೊಳ್ಳಿ. ಭಟ್ಟಿಯೊಳಗೆ ಗಾಳಿ ಧಾರಾಳವಾಗಿ ಆಡಿದರೆ ಅದು ಹಸಿರಾಗುತ್ತದೆ. ಗಾಳಿಯ ದಾರಿ ಕಟ್ಟಿ, ಹೊಗೆ ತುಂಬಿಸಿ, ಬೆಂಕಿಯನ್ನು ಉಸಿರುಗಟ್ಟಿಸಿದರೆ ಅದೇ ತಾಮ್ರ ರಕ್ತದಂತೆ ಕೆಂಪಾಗುತ್ತದೆ. ಕಬ್ಬಿಣವೂ ಹಾಗೆಯೇ. ಒಂದು ಬೆಂಕಿಯಲ್ಲಿ ಹಳದಿ ಮಿಶ್ರಿತ ಕಂದು, ಇನ್ನೊಂದರಲ್ಲಿ ಬೂದು ಬೆರೆತ ಹಸಿರು. ಚೀನಾದ ಕುಂಬಾರರಿಗೆ ಇದು ನೂರಾರು ವರ್ಷಗಳಿಂದ ಗೊತ್ತಿತ್ತು. ಯುರೋಪಿನವರು ಆ ಪಾತ್ರೆಗಳನ್ನು ನೋಡಿ ಬಹಳ ಕಾಲ ಬರೀ ಬೆರಗಾಗುತ್ತಿದ್ದರು.

ಆ ಬೆರಗನ್ನು ಲೆಕ್ಕಕ್ಕೆ ಇಳಿಸಿದವರಲ್ಲಿ ಮುಖ್ಯನಾದವನು ಹರ್ಮನ್ ಸೆಗರ್. 1839ರಲ್ಲಿ ಹುಟ್ಟಿದ ಈ ರಸಾಯನ ವಿಜ್ಞಾನಿ ಬರ್ಲಿನ್ನಿನ ಸರ್ಕಾರಿ ಪಿಂಗಾಣಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ. ಫ್ಲಕ್ಸುಗಳ ಮೊತ್ತವನ್ನು 1 ಎಂದಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೋಲಿಸಿ ಬರೆಯುವ ಸೂತ್ರ ಆತನದು. 1886ರಲ್ಲಿ ಆತ ಸೆಗರ್ ಕೋನ್‌ಗಳನ್ನು ರೂಪಿಸಿದ. ಇವು ಬೆರಳುದ್ದದ ಮಣ್ಣಿನ ಶಂಕುಗಳು. ಭಟ್ಟಿಯೊಳಗೆ ಸಾಲಾಗಿ ನಿಲ್ಲಿಸಿದರೆ ನಿಗದಿತ ಶಾಖಕ್ಕೆ ಒಂದೊಂದಾಗಿ ತಲೆ ಬಾಗಿಸುತ್ತವೆ. ಯಾವುದು ಬಾಗಿತು ಎಂದು ರಂಧ್ರದಿಂದ ಇಣುಕಿ ನೋಡಿದರೆ ಒಳಗಿನ ಸ್ಥಿತಿ ತಿಳಿಯುತ್ತದೆ. ಇಂದಿಗೂ ನಮ್ಮ ಪಠ್ಯದಲ್ಲಿ ಸೆಗರ್ ಸೂತ್ರ ಇದೆ, ಎರಡು ಅಂಕದ ಪ್ರಶ್ನೆಯಾಗಿ.

ಈಗ ಯಾನ್. 1899ರ ಜನವರಿ 18ರಂದು ಡೆನ್ಮಾರ್ಕಿನ ವೈಲೆ ಎಂಬ ಊರಿನಲ್ಲಿ ಹುಟ್ಟಿದ. ತಂದೆ ತಾಯಿ ಡಚ್ಚರು. ಬೆಳೆದದ್ದು ಜರ್ಮನಿಯಲ್ಲಿ, ರೈನ್ ನದಿ ದಂಡೆಯ ಯೂರ್ಡಿಂಗನ್‌ನಲ್ಲಿ. ಹುಟ್ಟಿದ ದೇಶ ಒಂದು, ಹೆತ್ತವರ ದೇಶ ಇನ್ನೊಂದು, ಬದುಕಿದ ದೇಶ ಮತ್ತೊಂದು. ಮೊದಲ ಮಹಾಯುದ್ಧದಲ್ಲಿ, ಇನ್ನೂ ಇಪ್ಪತ್ತು ತುಂಬದಿದ್ದಾಗ, ಜರ್ಮನ್ ನೌಕಾಪಡೆಯಲ್ಲಿದ್ದ. 1918ರ ಕೊನೆಗೆ ಕೀಲ್ ಬಂದರಿನಲ್ಲಿ ದಂಗೆಯೆದ್ದು ಚಕ್ರವರ್ತಿಯ ಆಳ್ವಿಕೆಯ ಪತನಕ್ಕೆ ನಾಂದಿ ಹಾಡಿದ್ದು ಅದೇ ನೌಕಾಪಡೆಯ ನಾವಿಕರು.

ಯುದ್ಧ ಮುಗಿದಾಗ ಕೈಯಲ್ಲಿ ಕಸುಬಿಲ್ಲ, ದೇಶದಲ್ಲಿ ಅನ್ನವಿಲ್ಲ. ಯಾನ್ ಹೋಗಿ ಸೇರಿದ್ದು ಬ್ರೆಮೆನ್ ನಗರದ ಬಳಿಯ ಫಿಷರ್‌ಹೂಡೆ ಎಂಬ ಹಳ್ಳಿಯನ್ನು. ವ್ಯುಮ್ಮೆ ಎಂಬ ಹೊಳೆ ಕವಲೊಡೆದು ಹರಿಯುವ, ಹುಲ್ಲುಗಾವಲಿನ ಊರು. ಹತ್ತಿರದ ವೋರ್ಪ್ಸ್‌ವೇಡೆಯಂತೆ ಇದೂ ಚಿತ್ರಕಾರರು ಬಂದು ನೆಲೆಸಿದ್ದ ಜಾಗ. ಅಲ್ಲಿ ಹೈನ್ರಿಖ್ ಬ್ರೇಲಿಂಗ್ ಎಂಬ ಚಿತ್ರಕಾರನ ಮನೆ ಇತ್ತು. ಮಗಳು ಓಲ್ಗಾ ನೃತ್ಯಗಾತಿ, ಮುಂದೆ ಚಿತ್ರಕಾರ್ತಿಯಾದವಳು. 1920ರಲ್ಲಿ ಯಾನ್ ಮತ್ತು ಓಲ್ಗಾ ಮದುವೆಯಾದರು. ಅದೇ ವರ್ಷ ನವೆಂಬರಿನಲ್ಲಿ ಮೊದಲ ಮಗಳು ಹುಟ್ಟಿದಳು. ಹೆಸರು ಕಾಟೊ. ಆಮೇಲೆ ಮಿಯೆಟ್ಯೆ ಎಂಬ ಮಗಳು, ಟಿಮ್ ಎಂಬ ಮಗ.

ಸಂಸಾರ ನಡೆಯಬೇಕಲ್ಲ. ಯಾನ್ ಕುಂಬಾರಿಕೆ ಕಲಿಯಲು ಹೊರಟ. ಒಂದು ಕಡೆ ಹಳ್ಳಿಯ ಕುಂಬಾರರ ಬಳಿ ತಿಗರಿಯ ಮುಂದೆ ಕುಳಿತ. ಇನ್ನೊಂದು ಕಡೆ ಸೆಗರ್ ಪರಂಪರೆಯ ಬರ್ಲಿನ್ನಿಗೆ ಹೋಗಿ ಗ್ಲೇಜಿನ ರಸಾಯನ ಶಾಸ್ತ್ರ ಓದಿದ. ನನಗೆ ಈ ಮನುಷ್ಯ ಹಿಡಿಸಿದ್ದು ಇಲ್ಲಿ. ಕೈಗೆ ಮಣ್ಣು ಮೆತ್ತಿಕೊಂಡವರು ಸೂತ್ರ ಓದುವುದಿಲ್ಲ, ಸೂತ್ರ ಓದಿದವರು ಮಣ್ಣು ಮುಟ್ಟುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ಇಂದಿಗೂ ಹಾಗೆಯೇ. ಆತ ಎರಡನ್ನೂ ಮಾಡಿದ. ಫಿಷರ್‌ಹೂಡೆಗೆ ಮರಳಿ, ಓಲ್ಗಾಳ ಅಕ್ಕ ಅಮೇಲಿಯ ಜೊತೆ ಸೇರಿ ಕಾರ್ಯಾಗಾರ ಶುರು ಮಾಡಿದ.

ಆ ಕಾಲದಲ್ಲಿ ಜರ್ಮನಿಯ ಕುಂಬಾರಿಕೆಯೇ ಮಗ್ಗುಲು ಬದಲಿಸುತ್ತಿತ್ತು. ಮೊದಲೆಲ್ಲ ಪಾತ್ರೆ ಎಂದರೆ ಮೈತುಂಬ ಹೂಬಳ್ಳಿ, ಚಿನ್ನದ ಅಂಚು. ಅದು ಬೇಡ, ಪಾತ್ರೆ ಏನು ಕೆಲಸಕ್ಕೋ ಅದಕ್ಕೆ ತಕ್ಕ ಆಕಾರ ಇರಲಿ, ಆಕಾರವೇ ಅಂದವಾಗಲಿ ಎಂಬ ಹೊಸ ವಿಚಾರ ಬಂದಿತ್ತು. ಬೌಹೌಸ್ ಶಾಲೆಯ ಕುಂಬಾರಿಕೆ ವಿಭಾಗ 1920ರಿಂದ 1925ರವರೆಗೆ ಡೋರ್ನ್‌ಬುರ್ಗ್ ಎಂಬ ಪುಟ್ಟ ಊರಿನಲ್ಲಿತ್ತು. ಅಲ್ಲಿ ಮಾಕ್ಸ್ ಕ್ರೇಹಾನ್ ಎಂಬ ಪಾರಂಪರಿಕ ಕುಂಬಾರ ಕೈಗೆಲಸ ಕಲಿಸುತ್ತಿದ್ದ, ಶಿಲ್ಪಿ ಗೆರ್ಹಾರ್ಡ್ ಮಾರ್ಕ್ಸ್ ಆಕಾರದ ಪಾಠ ಮಾಡುತ್ತಿದ್ದ. ಅಲ್ಲಿನ ವಿದ್ಯಾರ್ಥಿ ಟೆಯೊಡೋರ್ ಬೋಗ್ಲರ್ ಹಿಡಿ, ಮೂತಿ, ಮುಚ್ಚಳವನ್ನು ಬೇರೆ ಬೇರೆ ಅಚ್ಚಿನಲ್ಲಿ ಮಾಡಿ ಬೇಕಾದಂತೆ ಜೋಡಿಸುವ ಟೀಪಾಟ್ ರೂಪಿಸಿದ. ಯಾನ್ ಬೌಹೌಸಿನವನಲ್ಲ. ಆದರೆ ಅದೇ ಗಾಳಿಯನ್ನು ಉಸಿರಾಡಿದವನು. ಆತನ ಹೂದಾನಿಗಳನ್ನು ಚಿತ್ರದಲ್ಲಿ ನೋಡಿದರೆ ಗೊತ್ತಾಗುತ್ತದೆ. ಹೂವಿಲ್ಲ, ಬಳ್ಳಿಯಿಲ್ಲ, ಗೆರೆಯಿಲ್ಲ. ಕಿರಿದಾದ ಬುಡ, ತುಂಬಿದ ಹೊಟ್ಟೆ, ಗಿಡ್ಡ ಕೊರಳು. ಮೈಮೇಲೆ ಒಂದೇ ಗ್ಲೇಜು. ಕೊರಳ ಅಂಚಿನಲ್ಲಿ ತೆಳುವಾಗಿ, ಕೆಳಗೆ ದಪ್ಪಗಾಗಿ ನಿಂತ ಬಣ್ಣ. ಅಲಂಕಾರದ ಕೆಲಸವನ್ನೆಲ್ಲ ಆತ ಬೆಂಕಿಗೆ ಬಿಟ್ಟಿದ್ದ. ಇಂಥ ಸರಳ ಪಾತ್ರೆ ಮಾಡುವುದು ಕಷ್ಟ. ಚಿತ್ರ ಬಿಡಿಸಿದ ಪಾತ್ರೆಯಲ್ಲಿ ಸಣ್ಣ ತಪ್ಪು ಮುಚ್ಚಿಹೋಗುತ್ತದೆ. ಬರೀ ಮೈಯ ಪಾತ್ರೆಯಲ್ಲಿ ಎಲ್ಲವೂ ಕಾಣುತ್ತದೆ.

1933 ಬಂತು. ಹಿಟ್ಲರ್ ಅಧಿಕಾರ ಹಿಡಿದ. ಯಾನ್‌ನ ಮನೆಯಲ್ಲೂ ಅದು ಬದಲಾವಣೆಯ ವರ್ಷ. ಓಲ್ಗಾಳಿಂದ ವಿಚ್ಛೇದನ ಪಡೆದು ಆತ ಬರ್ಲಿನ್ನಿನಲ್ಲಿ ಕಾರ್ಯಾಗಾರ ತೆರೆದ. ವಾಸ್ತುಶಿಲ್ಪ ಓದಿದ್ದ, ಯಹೂದಿ ಮೂಲದ ರಾಹೆಲ್ ವೈಸ್‌ಬಾಖ್ ಆತನ ಎರಡನೇ ಹೆಂಡತಿಯಾದಳು. ಅಂಥ ಸಂಸಾರಕ್ಕೆ ಆ ದಿನಗಳ ಬರ್ಲಿನ್ ಎಂಥ ಊರಾಗಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಕುಂಬಾರರ ಲೋಕವೂ ಒಡೆಯಿತು. ಬೌಹೌಸಿನಲ್ಲಿ ಕಲಿತು ಹಾಲೆ ನಗರದ ಕಲಾಶಾಲೆಯಲ್ಲಿ ಕುಂಬಾರಿಕೆ ವಿಭಾಗ ನಡೆಸುತ್ತಿದ್ದ ಮಾರ್ಗರೇಟೆ ಫ್ರೀಡ್‌ಲೆಂಡರ್ ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ಕೆಲಸ ಕಳೆದುಕೊಂಡಳು. ಮೊದಲು ಹಾಲೆಂಡಿಗೆ, ಅಲ್ಲಿಂದ 1940ರಲ್ಲಿ ಅಮೆರಿಕಕ್ಕೆ ಹೋದಳು. ಬರ್ಲಿನ್ ಸಮೀಪದ ಮಾರ್ವಿಟ್ಸ್‌ನಲ್ಲಿ ಸ್ವಂತ ಕಾರ್ಖಾನೆ ಕಟ್ಟಿದ್ದ ಗ್ರೇಟೆ ಹೈಮಾನ್ ಅದನ್ನು ಸಿಕ್ಕ ಬೆಲೆಗೆ ಮಾರಿ, ಕೊನೆಗೆ ಇಂಗ್ಲೆಂಡ್ ಸೇರಿದಳು. ಯಾನ್ ಬರ್ಲಿನ್ನಿನಲ್ಲೇ ಉಳಿದ. ಹೂದಾನಿ ಮಾಡಿದ, ಬಟ್ಟಲು ಮಾಡಿದ.

ಒಂದು ಕಹಿ ಸತ್ಯ ಹೇಳಲೇಬೇಕು. ನಾಜಿಗಳು ಆಧುನಿಕ ಚಿತ್ರಕಲೆಯನ್ನು ಕೊಳಕೆಂದು ಹೀಗಳೆದು ಗೋಡೆಯಿಂದ ಕೆಳಗಿಳಿಸಿದರೂ, ಸರಳ ಮಣ್ಣಿನ ಪಾತ್ರೆಯ ತಂಟೆಗೆ ಅಷ್ಟಾಗಿ ಬರಲಿಲ್ಲ. ಕೈಕಸುಬು ಎಂದರೆ ಜರ್ಮನ್ ಮಣ್ಣಿನ ಗುಣ ಎಂಬ ಹೆಮ್ಮೆ ಅವರಿಗಿತ್ತು. ಹಾಗಾಗಿ ಆತನ ಹೂದಾನಿಯನ್ನು ಆಳುವವರ ಬೆಂಬಲಿಗನೂ ಕೊಂಡು ಮೇಜಿನ ಮೇಲೆ ಇಡಬಹುದಿತ್ತು. ಒಳ್ಳೆಯ ಹೂದಾನಿ ಯಾರ ಮನೆಯಲ್ಲಿದ್ದರೂ ಚೆಂದವೇ. ಅದನ್ನು ಮಾಡಿದವನ ಮನಸ್ಸಿನಲ್ಲಿ ಏನಿದೆ ಎಂದು ಅದು ಹೇಳುವುದಿಲ್ಲ.

ಮನಸ್ಸಿನಲ್ಲಿದ್ದದ್ದು ಗೊತ್ತಾಗುತ್ತಿದ್ದುದು ಆತನ ಮನೆಯಲ್ಲಿ. ಅಲ್ಲಿ ಕಲಾವಿದರು, ಬರಹಗಾರರು ಬಂದು ಕೂರುತ್ತಿದ್ದರು. ಹೊರಗೆ ಆಡಲಾಗದ ಮಾತು ಅಲ್ಲಿ ಆಡಬಹುದಿತ್ತು. ಹಳ್ಳಿಯಲ್ಲಿ ಅಮ್ಮನ ಬಳಿ ಬೆಳೆದ ಕಾಟೊ ಬರ್ಲಿನ್ನಿಗೆ ಬಂದು ಅಪ್ಪನ ಬಳಿ ಮಣ್ಣಿನ ಕೆಲಸ ಕಲಿಯತೊಡಗಿದಳು. ಗ್ಲೈಡರ್ ಹಾರಿಸುವ ಹುಚ್ಚಿದ್ದ ಹುಡುಗಿ ಆಕೆ. ಯುದ್ಧ ಶುರುವಾದಾಗ ಅವಳಿಗೆ ಹತ್ತೊಂಬತ್ತೂ ತುಂಬಿರಲಿಲ್ಲ.

ಕಾಟೊ ಮತ್ತು ತಂಗಿ ಮಿಯೆಟ್ಯೆ ಬರ್ಲಿನ್ನಿನ ಲೋಕಲ್ ರೈಲಿನಲ್ಲಿ ಓಡಾಡುವಾಗ, ಅದೇ ರೈಲಿನಲ್ಲಿ ಕೆಲಸಕ್ಕೆ ಒಯ್ಯುತ್ತಿದ್ದ ಫ್ರೆಂಚ್ ಯುದ್ಧ ಕೈದಿಗಳ ಪಕ್ಕ ನಿಲ್ಲುತ್ತಿದ್ದರು. ನೂಕುನುಗ್ಗಲಿನಲ್ಲಿ ಸಿಗರೇಟು, ಬೆಂಕಿಪೊಟ್ಟಣ, ಸೋಪು ಮೆಲ್ಲಗೆ ಅವರ ಕೈಗೆ ದಾಟಿಸುತ್ತಿದ್ದರು. ಶತ್ರು ದೇಶದ ಕೈದಿಗೆ ಸೋಪು ಕೊಡುವುದೂ ಅಪರಾಧವಾಗಿದ್ದ ಕಾಲ ಅದು. ಅಪ್ಪನ ಮನೆಗೆ ಬರುತ್ತಿದ್ದವರಲ್ಲಿ ಲಿಬರ್ಟಾಸ್ ಶುಲ್ಟ್ಸೆ-ಬೊಯ್ಸನ್ ಒಬ್ಬಳು. ಅವಳ ಗಂಡ ಹಾರೋ ವಾಯುಪಡೆ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದುಕೊಂಡೇ ಹಿಟ್ಲರ್ ವಿರುದ್ಧ ಗುಂಪು ಕಟ್ಟುತ್ತಿದ್ದ. ಅವರ ಮೂಲಕ ಕಾಟೊ ಆ ಗುಂಪಿಗೆ ಸೇರಿದಳು. ಗೆಳೆಯ ಹೈನ್ಸ್ ಸ್ಟ್ರೇಲೋ ಜೊತೆ ಸೇರಿ ಯುದ್ಧದ ವಿರುದ್ಧದ ಕರಪತ್ರಗಳ ಕೆಲಸದಲ್ಲಿ ಕೈಜೋಡಿಸಿದಳು. ರಹಸ್ಯ ಪೊಲೀಸರು ಈ ಜನರ ಜಾಲಕ್ಕೆ ಇಟ್ಟ ಹೆಸರು ರೋಟೆ ಕಪೆಲ್ಲೆ, ಅಂದರೆ ಕೆಂಪು ವಾದ್ಯವೃಂದ.

1942ರ ಸೆಪ್ಟೆಂಬರಿನಲ್ಲಿ ಪೊಲೀಸರು ಕಾಟೊಳನ್ನು ಹಿಡಿದರು. ಯಾನ್‌ನನ್ನೂ ಹಿಡಿದರು. ಮೂರು ತಿಂಗಳ ನಂತರ, ಆತನ ವಿರುದ್ಧ ಸಾಕ್ಷ್ಯ ಸಿಗದೆ ಬಿಟ್ಟರು. ಮಗಳನ್ನು ಬಿಡಲಿಲ್ಲ. ಸೈನ್ಯದ ಅತ್ಯುನ್ನತ ನ್ಯಾಯಾಲಯ ಕಾಟೊಗೆ ಮರಣದಂಡನೆ ವಿಧಿಸಿದ್ದು 1943ರ ಜನವರಿ 18ರಂದು. ಆ ದಿನಾಂಕವನ್ನು ನಾನು ಎರಡು ಸಲ ನೋಡಿದೆ. ಅಂದು ಅಪ್ಪನಿಗೆ 44 ತುಂಬಿತ್ತು.

ಕ್ಷಮಾದಾನದ ಅರ್ಜಿ ಹಿಟ್ಲರ್‌ವರೆಗೆ ಹೋಯಿತು. ಆತ ತಿರಸ್ಕರಿಸಿದ. ಸ್ಟ್ರೇಲೋನನ್ನು ಮೇ ತಿಂಗಳಲ್ಲೇ ಕೊಂದಿದ್ದರು. ಆಗಸ್ಟ್ 5ರ ಸಂಜೆ, ಬರ್ಲಿನ್ನಿನ ಪ್ಲೋಟ್ಸನ್‌ಸೇ ಜೈಲಿನಲ್ಲಿ, ಇತರ ಕೈದಿಗಳೊಂದಿಗೆ ಕಾಟೊಳ ತಲೆ ಕಡಿದರು. ಆಕೆಗೆ 22 ವರ್ಷ. ನಮ್ಮ ಕಾಲೇಜಿನ ಅಂತಿಮ ವರ್ಷದ ಸೀನಿಯರ್‌ಗಳಿಗಿಂತ ಒಂದು ವರ್ಷ ದೊಡ್ಡವಳು. ಜೈಲಿನಿಂದ ಅಮ್ಮನಿಗೆ ಬರೆದ ಆಕೆಯ ಪತ್ರಗಳು ಉಳಿದಿವೆ.

ಅದೇ ವರ್ಷ ಬಾಂಬು ಬಿದ್ದು ಯಾನ್‌ನ ಬರ್ಲಿನ್ ಕಾರ್ಯಾಗಾರವೂ ನಾಶವಾಯಿತು. ಆತನನ್ನು ಸೈನ್ಯಕ್ಕೆ ಎಳೆದರು. ಮಗಳನ್ನು ಕೊಂದ ಸರ್ಕಾರದ ಸಮವಸ್ತ್ರವನ್ನೇ ಅಪ್ಪ ತೊಡಬೇಕಾಯಿತು.

ಇಲ್ಲಿ ಸ್ವಲ್ಪ ನಿಂತು, ನನ್ನ ಬ್ರ್ಯಾಂಚಿನವನಾಗಿ ಒಂದು ಮಾತು. ಯಾನ್ ಮತ್ತು ಮಗಳು ಜೈಲಿನಲ್ಲಿದ್ದ ದಿನಗಳಲ್ಲೇ, ಎರ್‌ಫುರ್ಟ್ ನಗರದ ಟೋಫ್ ಎಂಡ್ ಸನ್ಸ್ ಕಂಪನಿಯ ಇಂಜಿನಿಯರ್‌ಗಳೂ ಬೆಂಕಿಯ ಲೆಕ್ಕದಲ್ಲಿ ಮುಳುಗಿದ್ದರು. ಎರ್‌ಫುರ್ಟ್‌ನಿಂದ ಬೌಹೌಸ್ ಹುಟ್ಟಿದ ವೈಮಾರ್ ಬಹಳ ದೂರವೇನಿಲ್ಲ. ಮೊದಲು ಬಿಯರ್ ತಯಾರಿಕೆಗೆ ಬೇಕಾದ ಉಪಕರಣ ಮಾಡುತ್ತಿದ್ದ ಈ ಕಂಪನಿ, ವೈಮಾರ್ ಪಕ್ಕದ ಬೂಖನ್‌ವಾಲ್ಡ್ ಮತ್ತು ಪೋಲೆಂಡಿನ ಆಶ್ವಿಟ್ಸ್ ಶಿಬಿರಗಳಿಗೆ ಹೆಣ ಸುಡುವ ಕುಲುಮೆಗಳನ್ನು ಕಟ್ಟಿಕೊಟ್ಟಿತು. ಅದರ ಇಂಜಿನಿಯರ್ ಕುರ್ಟ್ ಪ್ರೂಫರ್ ಖುದ್ದಾಗಿ ಶಿಬಿರಗಳಿಗೆ ಹೋಗಿ ಬರುತ್ತಿದ್ದ. ಇನ್ನೊಬ್ಬ ಇಂಜಿನಿಯರ್ ಫ್ರಿಟ್ಸ್ ಸ್ಯಾಂಡರ್ 1942ರ ಕೊನೆಗೆ, ಬಿಡುವಿಲ್ಲದೆ ಹೆಣ ಸುಡುವ ಕುಲುಮೆಗಾಗಿ ಪೇಟೆಂಟ್ ಅರ್ಜಿಯನ್ನೂ ಹಾಕಿದ. ಕುಲುಮೆಗೆ ಯಾವ ಇಟ್ಟಿಗೆ ಬೇಕು, ಶಾಖ ಎಲ್ಲಿ ಸೋರುತ್ತದೆ, ಇಂಧನ ಹೇಗೆ ಉಳಿಸಬೇಕು? ಇವು ನಾವೂ ಓದುವ ಪ್ರಶ್ನೆಗಳೇ. ಉತ್ತರವೂ ಅವೇ.

ಇದು ಓದಿದ ರಾತ್ರಿ ನನಗೆ ಪಠ್ಯಪುಸ್ತಕ ಮೊದಲಿನಂತೆ ಕಾಣಲಿಲ್ಲ. ಸೆಗರ್ ಕೋನಿಗೆ ಯಾರ ಭಟ್ಟಿ ಎಂಬುದು ಗೊತ್ತಾಗುವುದಿಲ್ಲ. ಶಾಖ ಬಂದರೆ ಬಾಗುತ್ತದೆ. ವಿದ್ಯೆಯೂ ಹಾಗೆಯೇ, ಕರೆದವರ ಮನೆಗೆ ಹೋಗುತ್ತದೆ. ನಮ್ಮ ನಡುವೆ ಒಂದು ಮಾತಿದೆ. ಕ್ಯಾಂಟೀನಿನಲ್ಲಿ ಯಾವುದಾದರೂ ಗಂಭೀರ ವಿಷಯ ಬಂದರೆ, ನಾವು ಇಂಜಿನಿಯರ್‌ಗಳು, ಅದೆಲ್ಲ ನಮಗ್ಯಾಕೆ, ಕೋಡಿಂಗ್ ಕಲಿ, ಪ್ಲೇಸ್‌ಮೆಂಟ್ ನೋಡಿಕೋ ಎಂದು ಯಾರಾದರೂ ಮುಗಿಸಿಬಿಡುತ್ತಾರೆ. ಟೋಫ್ ಕಂಪನಿಯ ಕಚೇರಿಯಲ್ಲೂ ಕೆಲಸ ಕೆಲಸವಾಗಿಯೇ ನಡೆಯುತ್ತಿತ್ತು. ನಕ್ಷೆ, ಟೆಂಡರ್, ಬಿಲ್ಲು. ಕಿಟಕಿಯಿಂದ ಹೊರಗೆ ನೋಡದೆ ಒಳ್ಳೆಯ ಲೆಕ್ಕ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಭಯಂಕರ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗೆಂದು ಯಾನ್ ದೊಡ್ಡ ವೀರನಾಗಿದ್ದ ಎಂದು ನಾನು ಹೇಳುತ್ತಿಲ್ಲ. ಕರಪತ್ರದ ಕೆಲಸ ಮಾಡಿದ್ದು ಮಗಳು. ಆತ ಹೂದಾನಿ ಮಾಡಿ ಸಂಸಾರ ನಡೆಸಿದ. ಆದರೆ ಆತನ ಮನೆಯ ಬಾಗಿಲು ತೆರೆದಿತ್ತು, ಅಲ್ಲಿ ಸುಳ್ಳಿಗೆ ಹೂಂಗುಟ್ಟಬೇಕಾದ ಅಗತ್ಯ ಇರಲಿಲ್ಲ. ಅಂಥ ಮನೆಯಲ್ಲಿ ಬೆಳೆದವಳಿಗೆ ರೈಲಿನಲ್ಲಿ ಕೈದಿಯ ಮುಖ ಕಂಡಾಗ ಸುಮ್ಮನಿರಲು ಆಗಲಿಲ್ಲ. ಅದಕ್ಕೆ ಅಪ್ಪ ಹೆಮ್ಮೆ ಪಟ್ಟನೋ, ಆ ಮನೆಗೆ ಆ ಅತಿಥಿಗಳನ್ನು ಕರೆದದ್ದಕ್ಕೆ ತನ್ನನ್ನೇ ಬೈದುಕೊಂಡನೋ? ಅಪ್ಪಂದಿರಾದವರು ನನಗಿಂತ ಚೆನ್ನಾಗಿ ಊಹಿಸಬಲ್ಲರು.

ಯುದ್ಧ ಮುಗಿಯಿತು. ಬರ್ಲಿನ್ ಇಟ್ಟಿಗೆಯ ರಾಶಿಯಾಗಿತ್ತು. 1946ರಲ್ಲಿ ಸೋವಿಯತ್ ವಲಯದ ವೈಸನ್‌ಸೇ ಬಡಾವಣೆಯಲ್ಲಿ ಹೊಸ ಕಲಾಶಾಲೆಯೊಂದು ಹುಟ್ಟಿತು. ಯಾನ್ ಅಲ್ಲಿ ಪಾಠ ಮಾಡತೊಡಗಿದ. 1947ರಲ್ಲಿ ಅದರ ಮುಖ್ಯಸ್ಥನಾದ. ಊಟಕ್ಕೇ ತತ್ವಾರವಿದ್ದ ಊರಿನಲ್ಲಿ ಬಟ್ಟಲಿನ ಆಕಾರ ಕಲಿಸುವುದು ಕೆಲವರಿಗೆ ತಮಾಷೆಯಾಗಿ ಕಾಣಬಹುದು. ಆದರೆ ಮನೆಮಠ ಕಳೆದುಕೊಂಡ ಜನರಿಗೆ ಮೊದಲು ಬೇಕಾದದ್ದೇ ತಟ್ಟೆ, ಲೋಟ, ಬಟ್ಟಲು. ಅವು ಗಟ್ಟಿಯಾಗಿ, ಅಗ್ಗವಾಗಿ, ಕಣ್ಣಿಗೆ ಹಿತವಾಗಿ ಇರಬೇಕೆಂದು ಯೋಚಿಸುವವರು ಬೇಕಿತ್ತು.

ಅಲ್ಲಿಯೂ ನೆಮ್ಮದಿ ಉಳಿಯಲಿಲ್ಲ. ಪೂರ್ವ ಜರ್ಮನಿಯ ಹೊಸ ಆಡಳಿತ ಫಾರ್ಮಲಿಸಂ ಎಂಬ ಆರೋಪ ಹಿಡಿದು ಆಧುನಿಕ ಕಲೆಯ ಬೆನ್ನು ಹತ್ತಿತು. ಅಲಂಕಾರವಿಲ್ಲದ ಸರಳ ಆಕಾರ ಜನಸಾಮಾನ್ಯರಿಗೆ ಪರಕೀಯ ಎಂಬುದು ಅವರ ವಾದ. 1950ರಲ್ಲಿ ಯಾನ್ ಆ ಶಾಲೆ ಬಿಟ್ಟು ಪಶ್ಚಿಮಕ್ಕೆ ಹೋದ. ಆತನ ಜಾಗಕ್ಕೆ ಬಂದ ಡಚ್ ವಾಸ್ತುಶಿಲ್ಪಿ ಮಾರ್ಟ್ ಸ್ಟಾಮ್ ಕೂಡ 1952ರಲ್ಲಿ ಹೊರಬೀಳಬೇಕಾಯಿತು.

ಪಶ್ಚಿಮದಲ್ಲಿ, ಬಾಡ್ ಓಯ್ನ್‌ಹೌಸನ್ ಬಳಿಯ ಡೇಮೆ ಎಂಬ ಊರಿನ ಒಂದು ಕುಂಬಾರಿಕೆ ಕಾರ್ಖಾನೆಯಲ್ಲಿ ಕೆಲವು ವರ್ಷ ದುಡಿದ. ಒಂದೊಂದೇ ಪಾತ್ರೆಯನ್ನು ತಿಗರಿಯಲ್ಲಿ ಎತ್ತುತ್ತಿದ್ದವನು ಅಲ್ಲಿ ಸಾಲು ಸಾಲಾಗಿ ತಯಾರಾಗುವ ಹೂದಾನಿಗಳಿಗೆ ಆಕಾರ ಕೊಟ್ಟ, ಗ್ಲೇಜ್ ರೂಪಿಸಿದ. 1953ರಲ್ಲಿ ಮತ್ತೆ ಬರ್ಲಿನ್ನಿಗೆ, ಈ ಸಲ ಪಶ್ಚಿಮ ಬರ್ಲಿನ್ನಿಗೆ ಬಂದು, ಶಾರ್ಲೊಟನ್‌ಬುರ್ಗ್‌ನ ಕರಕುಶಲ ಶಾಲೆಯ ನಿರ್ದೇಶಕನಾದ. 1960ರಿಂದ 1966ರವರೆಗೆ ಹ್ಯಾಂಬರ್ಗ್‌ನ ಕಲಾ ಮಹಾವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ. ಯುದ್ಧದ ನಂತರ ಪಶ್ಚಿಮ ಜರ್ಮನಿಯಲ್ಲಿ ಹಣ ಓಡಾಡತೊಡಗಿದ ಕಾಲ ಅದು. ಮೂತ್ರಪಿಂಡದ ಆಕಾರದ ಮೇಜು, ಓರೆಕೋರೆ ಬಾಯಿಯ ಬಣ್ಣಬಣ್ಣದ ಹೂದಾನಿ ಫ್ಯಾಷನ್ ಆಗಿದ್ದವು. ಮುಂದೆ ಜ್ವಾಲಾಮುಖಿಯ ಲಾವಾದಂತೆ ಉಬ್ಬಿದ, ಕಿತ್ತಳೆ ಕೆಂಪಿನ ದಪ್ಪ ಗ್ಲೇಜಿನ ಹೂದಾನಿಗಳನ್ನು ಕಾರ್ಖಾನೆಗಳು ರಾಶಿ ಹಾಕಿದವು. ಇಂದು ಸಂಗ್ರಹಕಾರರು ಅವನ್ನು ಹುಡುಕಿ ಕೊಳ್ಳುತ್ತಾರೆ. ಯಾನ್‌ನ ತಿಗರಿಯ ಮೇಲೆ ಮಾತ್ರ ಹಳೆಯ ಆಕಾರಗಳೇ ಏಳುತ್ತಿದ್ದವು. ಬಾಟಲಿ, ಬಟ್ಟಲು, ಕಿರುಗೊರಳಿನ ಹೂದಾನಿ. ಮೇಲೆ ಒಂದೇ ಗ್ಲೇಜು.

ಆತನ ನಂತರದ ದಿನಗಳ ಹೂದಾನಿಗಳಲ್ಲಿ ಮಗಳ ನೆನಪನ್ನು ಹುಡುಕಲು ನಾನು ಪ್ರಯತ್ನಪಟ್ಟೆ. ತಾಮ್ರದ ಕೆಂಪು ಕಂಡಾಗ ರಕ್ತ ಎಂದುಕೊಳ್ಳುವುದು ಸುಲಭ. ಆದರೆ ಅದು ನನ್ನ ಕಲ್ಪನೆಯಾದೀತು. ಹೂದಾನಿಯಲ್ಲಿ ಕಾಣುವುದು ಹದವಾದ ಬೆಂಕಿ ಮಾತ್ರ. ದುಃಖ ಹೇಳಿಕೊಳ್ಳಲು ಆತ ಪಾತ್ರೆಯನ್ನು ಬಳಸಲಿಲ್ಲ. ಎಲ್ಲವೂ ಕೈತಪ್ಪಿ ಹೋದ ಮೇಲೂ ಕೈಗೆ ಸಿಗುವಷ್ಟನ್ನು ಸರಿಯಾಗಿ ಮಾಡುವುದು, ಅದನ್ನು ಎಳೆಯರಿಗೆ ಕಲಿಸುವುದು, ಅಷ್ಟನ್ನು ಎರಡು ದಶಕ ಮಾಡಿದ.

ದುಃಖವನ್ನು ಹೊತ್ತು ಬೀದಿಗೆ ಬಂದವಳು ಓಲ್ಗಾ. ಯುದ್ಧದ ನಂತರವೂ ಬಹಳ ಜನರ ಕಣ್ಣಿನಲ್ಲಿ ರೋಟೆ ಕಪೆಲ್ಲೆಯವರು ದೇಶದ್ರೋಹಿಗಳೇ ಆಗಿದ್ದರು. ಆ ಮೊಕದ್ದಮೆಗಳನ್ನು ನಡೆಸಿದ ಸೇನಾ ಅಭಿಯೋಜಕ ಮಾನ್‌ಫ್ರೆಡ್ ರೋಡರ್ ಯಾವ ಶಿಕ್ಷೆಯೂ ಇಲ್ಲದೆ 1971ರವರೆಗೆ ಬದುಕಿದ. ಕಾಟೊ ದ್ರೋಹಿಯಲ್ಲ, ಅನ್ಯಾಯಕ್ಕೆ ಬಲಿಯಾದವಳು ಎಂದು ಒಪ್ಪಿಸಲು ಆ ತಾಯಿ ಹಳ್ಳಿಯಿಂದ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದಳು. 1995ರವರೆಗೆ, ತೊಂಬತ್ತೆಂಟು ಒಂಬತ್ತು ವರ್ಷ ಬದುಕಿ, ಫಿಷರ್‌ಹೂಡೆಯ ಹುಲ್ಲುಗಾವಲು, ಹೊಳೆಗಳನ್ನು ಚಿತ್ರಿಸಿದಳು.

ಯಾನ್ 1969ರ ಸೆಪ್ಟೆಂಬರ್ 5ರಂದು ಬರ್ಲಿನ್ನಿನಲ್ಲಿ ತೀರಿಕೊಂಡ. 70 ವರ್ಷ. ಆತನ ಪಾತ್ರೆಗಳು ಇಂದು ಜರ್ಮನಿಯ ಮ್ಯೂಸಿಯಂಗಳ ಗಾಜಿನ ಪೆಟ್ಟಿಗೆಗಳಲ್ಲಿವೆ. ಫಿಷರ್‌ಹೂಡೆಯಿಂದ ಸ್ವಲ್ಪ ದೂರದ ಆಹಿಮ್ ಎಂಬ ಊರಿನ ಹೈಸ್ಕೂಲಿಗೆ ಮಗಳ ಹೆಸರಿದೆ. ಅಪ್ಪನ ಹೆಸರು ಕುಂಬಾರಿಕೆ ಬಲ್ಲವರಿಗೆ ಗೊತ್ತು, ಮಗಳ ಹೆಸರು ಅಲ್ಲಿನ ಶಾಲಾ ಮಕ್ಕಳಿಗೆಲ್ಲ ಗೊತ್ತು. ಇದರಲ್ಲಿ ಯಾವುದು ದೊಡ್ಡದು ಎಂದು ಯಾನ್‌ನನ್ನು ಕೇಳಿದ್ದರೆ ಆತ ಏನೆನ್ನುತ್ತಿದ್ದ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನನ್ನ ಸೆಮಿನಾರಿನಲ್ಲಿ ಸಿಲಿಕಾ, ಅಲ್ಯೂಮಿನಾ, ಫ್ಲಕ್ಸ್ ಎಲ್ಲವೂ ಇರುತ್ತವೆ. ಯಾನ್‌ನ ಹೂದಾನಿಯೂ ಇರುತ್ತದೆ. ಅದರ ಮುಂದಿನ ಸ್ಲೈಡಿನಲ್ಲಿ ಟೋಫ್ ಕಂಪನಿಯ ಕುಲುಮೆ ಇರುತ್ತದೆ, ಅದರ ಮುಂದಿನದರಲ್ಲಿ ಕಾಟೊ. ವಿಷಯ ಬಿಟ್ಟು ಹೋದೆ ಎಂದು ಅಂಕ ಕಡಿಮೆಯಾದರೂ ಆಗಬಹುದು. ಆದರೆ ಮಣ್ಣು ಮತ್ತು ಬೆಂಕಿಯನ್ನೇ ಓದುವ ನಲವತ್ತು ಜನ ಒಂದು ಕೋಣೆಯಲ್ಲಿ ಕುಳಿತಿರುವಾಗ, ಈ ಮೂರನ್ನೂ ಒಟ್ಟಿಗೆ ತೋರಿಸಲು ಇನ್ನೊಂದು ಅವಕಾಶ ಯಾವಾಗ ಸಿಗುತ್ತದೋ ಗೊತ್ತಿಲ್ಲ.